ಕೌನ್ಸೆಲಿಂಗ್ ಓದಬೇಕು ಅಂತಿದ್ದೀರಾ? ಪಿಯುಸಿಯಿಂದ ಇಂಟರ್ನ್‌ಶಿಪ್‌ವರೆಗೆ ಒಂದೊಂದೇ ಹೆಜ್ಜೆ

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬರುವ ಮಾತು ಹೆಚ್ಚುಕಮ್ಮಿ ಒಂದೇ. 'ಎಲ್ಲರೂ ನನ್ನ ಹತ್ರಾನೇ ಬಂದು ಕಷ್ಟ ಹೇಳ್ಕೋತಾರೆ ಮೇಡಂ. ಅದಕ್ಕೆ ಸೈಕಾಲಜಿ ತಗೊಳ್ಳೋಣ ಅಂತಿದ್ದೀನಿ.' ಅಷ್ಟರಲ್ಲಿ ಅಪ್ಪ ಫೋನ್ ಇಸ್ಕೊಂಡು ಕೇಳುತ್ತಾರೆ, 'ಇದನ್ನ ಓದಿದ್ರೆ ಡಾಕ್ಟ್ರು ಆಗ್ತಾಳಾ?'

ಅಪ್ಪನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಐದು ವರ್ಷ ಓದಿ, ಆಮೇಲೆ 'ಅಯ್ಯೋ, ಹಾಗಾ?' ಅಂದವರು ಜಾಸ್ತಿ ಇದ್ದಾರೆ.

ಹೆಜ್ಜೆ 1: ಯಾರು ಏನು ಅಂತ ತಿಳಿದುಕೊಳ್ಳಿ

ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್. ಅವರು ಎಂಬಿಬಿಎಸ್ ಮಾಡಿ, ಆಮೇಲೆ ಮನೋವೈದ್ಯಕೀಯದಲ್ಲಿ ಎಂಡಿ ಅಥವಾ ಅದಕ್ಕೆ ಸಮನಾದದ್ದು ಮಾಡಿದವರು. ಸೈಕಾಲಜಿ ಓದಿ ಅಲ್ಲಿಗೆ ಹೋಗಲು ಆಗುವುದಿಲ್ಲ. ಹಾಗಾಗಿ ಅಪ್ಪನಿಗೆ ಉತ್ತರ: ಇಲ್ಲ ಸರ್, ಔಷಧಿ ಬರೆಯುವ ಡಾಕ್ಟರ್ ಆಗುವುದಿಲ್ಲ.

ಕ್ಲಿನಿಕಲ್ ಸೈಕಾಲಜಿಸ್ಟ್ ಬೇರೆ. ಪರೀಕ್ಷೆಗಳ ಮೂಲಕ ಬುದ್ಧಿಮಟ್ಟ, ವ್ಯಕ್ತಿತ್ವ, ಕಾಯಿಲೆಯ ಸ್ವರೂಪ ನೋಡುತ್ತಾರೆ, ಥೆರಪಿ ಕೊಡುತ್ತಾರೆ. ಆ ಹೆಸರಿನ ಬೋರ್ಡ್ ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಹೇಳುವ ಆರ್‌ಸಿಐನಲ್ಲಿ, ನೋಂದಣಿ ಆಗಿರಬೇಕು. 1992ರ ಕಾಯ್ದೆಯಿಂದ ಬಂದ ಸಂಸ್ಥೆ ಅದು. ಬರೀ ಎಂಎಸ್‌ಸಿ ಸೈಕಾಲಜಿ ಮಾಡಿದರೆ ಆ ನೋಂದಣಿ ಸಿಗುವುದಿಲ್ಲ. ಈ ಒಂದು ಸಾಲನ್ನು ಎರಡು ಸಲ ಓದಿಕೊಳ್ಳಿ.

ಕೌನ್ಸೆಲಿಂಗ್ ಸೈಕಾಲಜಿ ಓದಿದವರು ಶಾಲೆ, ಕಾಲೇಜು, ಕಂಪನಿ, ಆಸ್ಪತ್ರೆ, ಸಂಘಸಂಸ್ಥೆಗಳಲ್ಲಿ ಕೆಲಸ ಮಾಡುತ್ತಾರೆ. ಮನಸ್ಸಿನ ಕಾಯಿಲೆಗಿಂತ ಬದುಕಿನ ತೊಡಕುಗಳೇ ಇವರ ಎದುರು ಜಾಸ್ತಿ ಬರುವುದು: ಸಂಬಂಧ, ಪರೀಕ್ಷೆ, ಮದುವೆ, ಕೆಲಸ, ಸಾವು. ಅನ್ವಯಿಕ ಮನೋವಿಜ್ಞಾನ ಅನ್ನುವುದು ಇನ್ನೂ ದೊಡ್ಡ ಕೊಡೆ. ಕೌನ್ಸೆಲಿಂಗ್ ಜೊತೆಗೆ ಕಂಪನಿಗಳ ಆಯ್ಕೆ ಮತ್ತು ತರಬೇತಿ, ಕ್ರೀಡೆ, ಅಪರಾಧ, ಆರೋಗ್ಯ ಎಲ್ಲ ಅದರಡಿ ಬರುತ್ತವೆ. ದೆಹಲಿ ವಿಶ್ವವಿದ್ಯಾಲಯದಲ್ಲಿ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಆ ಹೆಸರಿನದೇ ಕೋರ್ಸ್ ಇದೆ. ನಮ್ಮಲ್ಲಿ ಹೆಚ್ಚಾಗಿ ಎಂಎಸ್‌ಸಿ ಸೈಕಾಲಜಿ ಅಥವಾ ಎಂಎಸ್‌ಸಿ ಕೌನ್ಸೆಲಿಂಗ್ ಸೈಕಾಲಜಿ ಅಂತಲೇ ಇರುತ್ತದೆ.

ಇನ್ನೊಂದು ದಾರಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯು. ಡಿಗ್ರಿಯಲ್ಲಿ ಸೈಕಾಲಜಿ ಇಲ್ಲದವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ, ಆದರೆ ಯಾಕೋ ಯಾರೂ ಹೇಳುವುದಿಲ್ಲ.

ಹೆಜ್ಜೆ 2: ಈಚೆಗೆ ಬದಲಾದ ನಿಯಮ ನೋಡಿ

ಐದು ವರ್ಷದ ಹಿಂದೆ ಓದಿದ ಅಕ್ಕನ ಮಾತು ಕೇಳಿ ಅರ್ಜಿ ಹಾಕಬೇಡಿ. ಅಕ್ಕ ಸುಳ್ಳು ಹೇಳುತ್ತಿಲ್ಲ. ನಿಯಮವೇ ಬದಲಾಗಿದೆ.

ಮೊದಲು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಎಂಎ ಅಥವಾ ಎಂಎಸ್‌ಸಿ ಮುಗಿಸಿ ಎರಡು ವರ್ಷದ ಎಂಫಿಲ್ ಮಾಡುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನ ಈ ಕೋರ್ಸಿಗೆ ದೇಶದ ಮೂಲೆಮೂಲೆಯಿಂದ ಅರ್ಜಿ ಬರುತ್ತಿತ್ತು. ವಿಶ್ವವಿದ್ಯಾಲಯಗಳ ನಿಯಮ ಮಾಡುವ ಯುಜಿಸಿ ಎಂಫಿಲ್ ಪದವಿಯನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕೆ ಮಾತ್ರ 2025-26ರ ತನಕ ವಿನಾಯಿತಿ ಕೊಟ್ಟಿತು. ಈ ನಡುವೆ ಆರ್‌ಸಿಐ 2024-25ರಿಂದ ನಾಲ್ಕು ವರ್ಷದ ಬಿಎಸ್‌ಸಿ ಕ್ಲಿನಿಕಲ್ ಸೈಕಾಲಜಿ ಆನರ್ಸ್ ಮತ್ತು ಎಂಎ ಕ್ಲಿನಿಕಲ್ ಸೈಕಾಲಜಿ ಶುರುಮಾಡಿದೆ. ಇವನ್ನು ಎಲ್ಲ ಕಾಲೇಜೂ ನಡೆಸುವಂತಿಲ್ಲ. ಆರ್‌ಸಿಐ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಸಂಸ್ಥೆಗಳ ಪಟ್ಟಿ ಇದೆ. ಕಾಲೇಜಿನ ಹೆಸರು ಇದ್ದರೆ ಸಾಲದು, ಒಪ್ಪಿಗೆ ಯಾವ ವರ್ಷದ ತನಕ ಅಂತ ಪಕ್ಕದಲ್ಲೇ ಇರುತ್ತದೆ, ಅದನ್ನೂ ನೋಡಿ.

ಇನ್ನು ಮನೆಯಲ್ಲೇ ಕೂತು ಓದುವ ಆಸೆ ಇದ್ದವರಿಗೆ ಕಹಿ ಸುದ್ದಿ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿಯಾಗಿ ಕೊಡಬಾರದು ಅಂತ ಯುಜಿಸಿ ಹೇಳಿದೆ. 2021ರ ಅಲೈಡ್ ಆಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯ ಅನ್ನುವುದು ಕಾರಣ. ಗೃಹಿಣಿಯರು, ಕೆಲಸದಲ್ಲಿರುವವರು ಎಷ್ಟೋ ಜನ ಇಗ್ನೋ ಮೂಲಕ ಎಂಎ ಮಾಡಿಕೊಂಡಿದ್ದರು. ಆ ದಾರಿ ಮುಚ್ಚಿದ್ದು ನನಗೆ ವೈಯಕ್ತಿಕವಾಗಿ ಬೇಸರದ ಸಂಗತಿ. ಆದರೂ ಯಾರಾದರೂ 'ಆನ್‌ಲೈನ್ ಎಂಎ, ಸೀಟು ಖಾಲಿ ಇದೆ' ಅಂದರೆ ದುಡ್ಡು ಕಟ್ಟಬೇಡಿ.

ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸುಗಳ ಬಗ್ಗೆ ಕೇಳುತ್ತೀರಿ, ಗೊತ್ತು. ಕಲಿಯಲು ಮಾಡಿ, ಬೇಡ ಅನ್ನಲ್ಲ. ಅದನ್ನೇ ನಂಬಿ ಬಾಗಿಲಿಗೆ ಬೋರ್ಡ್ ಹಾಕಬೇಡಿ.

ಹೆಜ್ಜೆ 3: ಡಿಗ್ರಿಗೆ ಸೇರುವ ಮುಂಚೆ ಲ್ಯಾಬ್ ತೋರಿಸಿ ಅನ್ನಿ

ಬಿಎಗೆ ಪಿಯುಸಿಯಲ್ಲಿ ಸೈನ್ಸ್ ಓದಿರಬೇಕು ಅಂತಿಲ್ಲ. ಆರ್ಟ್ಸ್, ಕಾಮರ್ಸ್‌ನವರೂ ಸೇರಬಹುದು. 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ. ಎಂಎಸ್‌ಸಿಗೆ ಹೆಚ್ಚಿನ ಕಡೆ ಡಿಗ್ರಿಯಲ್ಲಿ ಸೈಕಾಲಜಿ ಒಂದು ಮುಖ್ಯ ವಿಷಯವಾಗಿ ಇರಲೇಬೇಕು. ಆದ್ದರಿಂದ ಕಾಂಬಿನೇಷನ್ ಆರಿಸುವಾಗಲೇ ಎಚ್ಚರ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. 'ಸೈಕಾಲಜಿ ಲ್ಯಾಬ್ ಎಲ್ಲಿದೆ?' ಅಂತ ಕೇಳಿ. ಬೀಗ ತೆಗೆಯಲು ಕಾಲು ಗಂಟೆ ಹಿಡಿದರೆ, ಒಳಗೆ ಧೂಳು ಕೂತಿದ್ದರೆ, ಉತ್ತರ ಸಿಕ್ಕಿತು ಅಂದುಕೊಳ್ಳಿ.

ಲ್ಯಾಬ್ ವಿಷಯದಲ್ಲಿ ನಮ್ಮ ನಾಡಿಗೆ ಹೆಮ್ಮೆಪಡುವ ಚರಿತ್ರೆ ಇದೆ. ದೇಶದ ಮೊದಲ ಸೈಕಾಲಜಿ ವಿಭಾಗ ಶುರುವಾಗಿದ್ದು 1916ರಲ್ಲಿ ಕಲ್ಕತ್ತಾದಲ್ಲಿ. ಎಂಟೇ ವರ್ಷಕ್ಕೆ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲೂ ವಿಭಾಗ ಬಂತು. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. ಈ ಮೇಷ್ಟ್ರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರುಮಾಡಿದ್ದು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಸೈಕಾಲಜಿ ಓದಿ ಏನು ಮಾಡ್ತೀಯಾ ಅಂತ ನೆಂಟರು ಕೇಳಿದಾಗ ನಾನು ಇದನ್ನೇ ಹೇಳುತ್ತಿದ್ದೆ.

ಲ್ಯಾಬಿನಲ್ಲಿ ಏನು ಮಾಡಿಸುತ್ತಾರೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಕನ್ನಡಿ ನೋಡಿ ನಕ್ಷತ್ರ ಬಿಡಿಸುವ ಪ್ರಯೋಗ. ಮೇಜಿನ ಮೇಲೆ ಎರಡು ಗೆರೆಯ ನಕ್ಷತ್ರ ಅಚ್ಚಾದ ಹಾಳೆ. ಕೈ ನೇರವಾಗಿ ಕಾಣದಂತೆ ಒಂದು ತಗಡಿನ ಮರೆ. ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ನೋಡಿಕೊಂಡೇ ಎರಡು ಗೆರೆಯ ನಡುವೆ ಪೆನ್ಸಿಲ್ ಓಡಿಸಬೇಕು. ಗೆರೆ ಮುಟ್ಟಿದರೆ ತಪ್ಪು, ಸ್ಟಾಪ್‌ವಾಚ್ ಓಡುತ್ತಿರುತ್ತದೆ. ಪೆನ್ಸಿಲ್ ಮೇಲೆ ಹೋಗಲಿ ಅಂದರೆ ಕೆಳಗೆ ಬರುತ್ತದೆ. ಮೊದಲು ಎಡಗೈಯಲ್ಲಿ ಒಂದು ಸಲ. ಆಮೇಲೆ ಬಲಗೈಯಲ್ಲಿ ಹತ್ತು ಸಲ. ಕೊನೆಗೆ ಮತ್ತೆ ಎಡಗೈ. ಅಭ್ಯಾಸವೇ ಮಾಡದ ಎಡಗೈ ಈಗ ಬೇಗ ಮುಗಿಸುತ್ತದೆ. ಬಲಗೈ ಕಲಿತದ್ದು ಎಡಗೈಗೂ ದಾಟಿದೆ!

ರೆಕಾರ್ಡಿನಲ್ಲಿ ಇದನ್ನೆಲ್ಲ ಬರೆದ ಮೇಲೆ ಒಂದು ಸಣ್ಣ ಜಾಗ ಇರುತ್ತದೆ: ಇಂಟ್ರೊಸ್ಪೆಕ್ಟಿವ್ ರಿಪೋರ್ಟ್. ಪ್ರಯೋಗಕ್ಕೆ ಕೂತವರಿಗೆ ಒಳಗೆ ಹೇಗನ್ನಿಸಿತು ಅಂತ ಅವರ ಬಾಯಿಂದ ಕೇಳಿ ಬರೆಯಬೇಕು. ಎಲ್ಲರೂ ಸೀನಿಯರ್ ರೆಕಾರ್ಡಿನಿಂದ 'ಪ್ರಯೋಗ ಆಸಕ್ತಿದಾಯಕವಾಗಿತ್ತು' ಅಂತ ಕಾಪಿ ಹೊಡೆಯುತ್ತಾರೆ. ನಾನೂ ಮೊದಲ ವರ್ಷ ಹೊಡೆದೆ. ಎರಡನೇ ವರ್ಷ ಒಬ್ಬ ಗೆಳತಿ 'ಕೈ ನಂದಲ್ಲ ಅನ್ನಿಸ್ತು ಕಣೇ, ಅಳು ಬಂತು' ಅಂದಳು. ಹಾಗೇ ಬರೆದೆ. ಕೌನ್ಸೆಲಿಂಗಿನ ಮೊದಲ ಪಾಠ ನನಗೆ ಸಿಕ್ಕಿದ್ದು ಅಲ್ಲಿ: ಕೇಳು, ಅವರಂದದ್ದನ್ನು ಅವರಂದ ಹಾಗೇ ಬರಿ.

ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಒಂದೇ ಮಾತು. ಅದಿಲ್ಲದೆ ಸೈಕಾಲಜಿ ಇಲ್ಲ, ಓಡಿಹೋಗಲು ಆಗಲ್ಲ. ಸೂತ್ರಕ್ಕಿಂತ ಮೊದಲು ಅರ್ಥ ಹಿಡಿಯಿರಿ. ಒಂದು ಕ್ಲಾಸಿನಲ್ಲಿ ಎಲ್ಲರಿಗೂ 45ರಿಂದ 55ರೊಳಗೆ ಅಂಕ. ಇನ್ನೊಂದರಲ್ಲಿ ಅರ್ಧ ಜನಕ್ಕೆ 20, ಅರ್ಧ ಜನಕ್ಕೆ 80. ಎರಡರ ಸರಾಸರಿಯೂ 50. ಆದರೆ ಎರಡೂ ಒಂದೇ ಥರದ ಕ್ಲಾಸಾ? ಅಲ್ಲ ಅಲ್ವಾ? ಆ 'ಅಲ್ಲ' ಎಷ್ಟು ಅಂತ ಹೇಳುವ ಸಂಖ್ಯೆಯೇ ಸ್ಟ್ಯಾಂಡರ್ಡ್ ಡೀವಿಯೇಷನ್.

ಹೆಜ್ಜೆ 4: ಕನ್ನಡದ ಒಂದು ನೋಟ್‌ಬುಕ್ ಇಡಿ

ಇದನ್ನು ಯಾವ ಸಿಲಬಸ್ಸೂ ಹೇಳುವುದಿಲ್ಲ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ.

ಎಂಎಸ್‌ಸಿ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಪರೀಕ್ಷೆಯೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಸೆಮಿಸ್ಟರ್ ಒದ್ದಾಡುತ್ತಾರೆ, ಮೂರನೆಯ ಹೊತ್ತಿಗೆ ದಾರಿಗೆ ಬರುತ್ತಾರೆ. ಅದಕ್ಕೆ ಹೆದರಬೇಡಿ. ನಿಜವಾದ ತೊಂದರೆ ಆಮೇಲೆ ಬರುತ್ತದೆ. ಎದುರಿಗೆ ಕೂತವರು ಮಾತಾಡುವುದು ಕನ್ನಡ. ನಿಮ್ಮ ತಲೆಯಲ್ಲಿರುವುದು ಇಂಗ್ಲಿಷ್ ಪದ.

ಇಂಟರ್ನ್‌ಶಿಪ್‌ನಲ್ಲಿ ಐವತ್ತು ದಾಟಿದ ಅಮ್ಮ ಒಬ್ಬರು 'ತುಂಬಾ ಬೇಜಾರು ಕಣಮ್ಮ' ಅಂದರು. ನಾನು ನೋಟಿನಲ್ಲಿ ಬೋರ್‌ಡಮ್ ಅಂತ ಬರೆದೆ. ಸೂಪರ್‌ವೈಸರ್ ಓದಿ ಒಂದೇ ಪ್ರಶ್ನೆ ಕೇಳಿದರು, 'ಯಾವ ಬೇಜಾರು?' ನನ್ನಲ್ಲಿ ಉತ್ತರ ಇರಲಿಲ್ಲ. ಬೇಜಾರು ಅಂದರೆ ಹೊತ್ತು ಹೋಗದಿರುವುದೂ ಹೌದು, ದುಃಖವೂ ಹೌದು, 'ನಿನ್ ಮೇಲೆ ಬೇಜಾರು' ಅಂದರೆ ಮುನಿಸು, 'ಜೀವನಾನೇ ಬೇಜಾರಾಗಿದೆ' ಅಂದರೆ ಕಿವಿ ನಿಮಿರಬೇಕಾದ ಮಾತು. ನಾನು ಕೇಳಬೇಕಿದ್ದದ್ದು ಇಷ್ಟೇ: 'ಬೇಜಾರು ಅಂದ್ರೆ ಹೇಗಮ್ಮ?'

ಅವತ್ತಿನಿಂದ ನೋಟ್‌ಬುಕ್ ಇಟ್ಟೆ. ತಳಮಳ, ಕಸಿವಿಸಿ, ಸಂಕಟ, ಮಂಕು, ಹೊಟ್ಟೆಯೊಳಗೆ ಕಿವುಚಿದ ಹಾಗೆ, ಎದೆ ಢವಢವ, ತಲೆ ತುಂಬ ಜೇನುಗೂಡು. ಖಿನ್ನತೆ ಅನ್ನುವುದು ಪೇಪರಿನ ಪದ. 'ಯಾವುದರಲ್ಲೂ ಮನಸ್ಸಿಲ್ಲ, ಸ್ನಾನಕ್ಕೆ ಹೋಗೋಕೂ ಮನಸ್ಸಿಲ್ಲ' ಅನ್ನುವುದು ಜನರ ಮಾತು. ಎಷ್ಟೋ ಜನ ಮನಸ್ಸಿನ ಮಾತೇ ಆಡದೆ ಕೈಕಾಲು ಸೆಳೆತ, ನಿಶ್ಶಕ್ತಿ ಅಂತಲೇ ಶುರುಮಾಡುತ್ತಾರೆ. ನಿಮ್ಮ ಊರಿನ ಮಾತು ಬೇರೆ ಇರುತ್ತದೆ, ಅದನ್ನೇ ಬರೆದುಕೊಳ್ಳಿ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮಾನಸಿಕ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಬಹಳ ಬರೆದಿದ್ದಾರೆ. ಪದ ಹುಡುಕುವವರಿಗೆ ಅದು ಕೈಗೆ ಸಿಗುವ ಗಣಿ.

ಇನ್ನೊಂದು, ನೀನು-ನೀವು. ಇಂಗ್ಲಿಷ್ ಪುಸ್ತಕಕ್ಕೆ ಈ ತಲೆನೋವೇ ಇಲ್ಲ. ನಮಗೆ ಮೊದಲ ವಾಕ್ಯದಲ್ಲೇ ತೀರ್ಮಾನ ಆಗಬೇಕು. ನನ್ನ ನಿಯಮ: ದೊಡ್ಡವರಿಗೆ ಯಾವತ್ತೂ ನೀವು. ಮನೆಗೆಲಸ ಮಾಡುವ ಹೆಂಗಸಿಗೆ ಊರೆಲ್ಲ 'ನೀನು' ಅನ್ನುತ್ತದೆ, ನಿಮ್ಮ ಕೋಣೆಯಲ್ಲಾದರೂ ನೀವು ಇರಲಿ. ಕಾಲೇಜು ಹುಡುಗರಿಗೆ 'ನೀವು' ಅಂದರೆ ಕೆಲವರು ಸೆಟೆದು ಕೂರುತ್ತಾರೆ. 'ಹೇಗೆ ಕರೀಲಿ?' ಅಂತ ಕೇಳಿಬಿಡಿ. ಅವರು ನಿಮ್ಮನ್ನು ಅಕ್ಕ ಅಂದರೆ ಗಾಬರಿ ಬೇಡ. ಅದು ಗೌರವ. ಆದರೆ ಅಕ್ಕ ಅಂದ ಮಾತ್ರಕ್ಕೆ ಮದುವೆ ಊಟಕ್ಕೆ ಹೋಗಿ ಕೂರಬೇಡಿ.

ಹೆಜ್ಜೆ 5: ಮೂರು ಕುರ್ಚಿಯ ಅಭ್ಯಾಸ

ನಮ್ಮಲ್ಲಿ ಹಿಂದೆ ಆಪ್ತಸಲಹೆ ಅನ್ನುತ್ತಿದ್ದರು, ಈಗ ಆಪ್ತಸಮಾಲೋಚನೆ ಅನ್ನುವುದು ಜಾಸ್ತಿ. ಎರಡನೆಯದೇ ಸರಿ ಅನ್ನಿಸುತ್ತದೆ ನನಗೆ. ಸಲಹೆ ಕೊಡಲು ಪಕ್ಕದ ಮನೆಯವರಿದ್ದಾರೆ. ಇಲ್ಲಿ ನಡೆಯುವುದು ಕೂತು ಜೊತೆಗೆ ಯೋಚಿಸುವ ಕೆಲಸ.

ಅಭ್ಯಾಸ ಹೀಗೆ: ಮೂವರು. ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ಸುಮ್ನೆ ನೋಡಿ ಬರೆಯುವವರು. ಹತ್ತು ನಿಮಿಷ. ಆಮೇಲೆ ಕುರ್ಚಿ ಬದಲು. ನನ್ನ ಮೊದಲ ಸರದಿಯಲ್ಲಿ ಒಂದೇ ನಿಮಿಷಕ್ಕೆ ಮೂರು ಪರಿಹಾರ ಕೊಟ್ಟಿದ್ದೆ. ನೋಡುವವಳು ಹಾಳೆ ತೋರಿಸಿದಾಗ ಮುಖ ಕೆಂಪಾಯಿತು.

ಒಂದು ಮಾತು ತಗೊಳ್ಳಿ. ಹುಡುಗ ಹೇಳುತ್ತಾನೆ: 'ಹಾಸ್ಟೆಲ್‌ನಲ್ಲಿ ಇರೋಕಾಗ್ತಿಲ್ಲ ಮೇಡಂ. ಊರಿಗೆ ಹೋಗ್ಬಿಡೋಣ ಅನ್ಸುತ್ತೆ. ಆದ್ರೆ ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದಾರೆ.'

ಬಾಯಿಗೆ ಬರುವ ಉತ್ತರಗಳು: 'ಮೊದಮೊದಲು ಎಲ್ಲರಿಗೂ ಹಾಗೇ, ಅಡ್ಜಸ್ಟ್ ಆಗುತ್ತೆ ಬಿಡು.' 'ಯಾಕೆ, ಊಟ ಸರಿ ಇಲ್ವಾ?' 'ಅಪ್ಪನ ಕಷ್ಟ ಸ್ವಲ್ಪ ಯೋಚನೆ ಮಾಡು.' ಮೂರೂ ಪ್ರೀತಿಯಿಂದಲೇ ಬಂದವು. ಮೂರಕ್ಕೂ ಹುಡುಗ 'ಹೂಂ' ಅಂದು ಎದ್ದು ಹೋಗುತ್ತಾನೆ.

ಇದನ್ನು ಹೇಳಿ ನೋಡಿ: 'ಇಲ್ಲಿ ಇರೋಕೂ ಆಗ್ತಿಲ್ಲ. ಹೋಗೋಣ ಅಂದ್ರೆ ಅಪ್ಪನ ಸಾಲ ಕಣ್ಣ ಮುಂದೆ ಬರುತ್ತೆ.' ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಐದು ಸೆಕೆಂಡ್, ಹತ್ತು ಸೆಕೆಂಡ್. ಹೊಸಬರಿಗೆ ಹತ್ತು ಸೆಕೆಂಡಿನ ಮೌನ ಅಂದರೆ ಜೀವ ಹೋದ ಹಾಗೆ. ತಡೆದುಕೊಳ್ಳಿ. ಅವನೇ ಹೇಳುತ್ತಾನೆ: 'ಅಪ್ಪ ಫೋನ್ ಮಾಡ್ದಾಗೆಲ್ಲ ಚೆನ್ನಾಗಿದ್ದೀನಿ ಅಂತೀನಿ ಮೇಡಂ.' ಕಥೆ ಶುರುವಾಗುವುದು ಈಗ.

ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಷರತ್ತುಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಿ: ಅವರ ಜಾಗದಲ್ಲಿ ನಿಂತು ಅರಿಯುವುದು, ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ತೋರಿಕೆ ಇಲ್ಲದಿರುವುದು. ಆ ಒಂದು ಸಾಲಿನಲ್ಲಿ, ಆ ಹತ್ತು ಸೆಕೆಂಡಿನಲ್ಲಿ ಅವೇ ಇರುವುದು.

ಪುಸ್ತಕದ್ದನ್ನೆಲ್ಲ ಹಾಗೇ ನುಂಗಬೇಡಿ. ಕೂರುವ ರೀತಿಗೆ ಕೌನ್ಸೆಲಿಂಗ್ ಪುಸ್ತಕದ ಲೇಖಕ ಎಗನ್ ಹೇಳಿದ ಸೂತ್ರ ಒಂದಿದೆ, ಅದರಲ್ಲಿ ಕಣ್ಣಿಗೆ ಕಣ್ಣು ಕೊಡುವುದೂ ಸೇರಿದೆ. ಹಳ್ಳಿಯಿಂದ ಬಂದ ಹುಡುಗಿ ಮೇಡಂ ಎದುರು ತಲೆ ತಗ್ಗಿಸಿ ಕೂತರೆ ಅದು ಅವಳ ಮರ್ಯಾದೆ. ನೀವು ದಿಟ್ಟಿಸಿದರೆ ಬೈಯುತ್ತಿದ್ದೀರಿ ಅಂದುಕೊಳ್ಳುತ್ತಾಳೆ.

ಹೆಜ್ಜೆ 6: ಎಂಎಸ್‌ಸಿ ಮತ್ತು ಇಂಟರ್ನ್‌ಶಿಪ್

ಮೈಸೂರು, ಬೆಂಗಳೂರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಗಳಲ್ಲಿ ಸೈಕಾಲಜಿ ವಿಭಾಗಗಳಿವೆ. ಖಾಸಗಿಯವು ಬೇಕಾದಷ್ಟು, ಫೀಸಿನ ಅಂತರವೂ ಬೇಕಾದಷ್ಟು. ಎಲ್ಲಿಗೆ ಹೋದರೂ ಈಗ ಓದುತ್ತಿರುವ ಇಬ್ಬರನ್ನು ಹಿಡಿದು ಕೇಳಿ: ಎರಡು ವರ್ಷದಲ್ಲಿ ಎಷ್ಟು ಗಂಟೆ ನಿಜವಾದ ಜನರ ಜೊತೆ ಕೂರುತ್ತೀರಿ? ಆಮೇಲೆ ನಿಮ್ಮ ಕೇಸನ್ನು ಯಾರು ಕೂತು ಕೇಳುತ್ತಾರೆ? ಎರಡನೇ ಪ್ರಶ್ನೆಗೆ ತಡವರಿಸಿದರೆ ಆ ಕಾಲೇಜಿನ ಬಣ್ಣದ ಬ್ರೋಷರ್ ಬ್ಯಾಗಿನೊಳಗೆ ಇಟ್ಟು ಬೇರೆ ಕಾಲೇಜು ನೋಡಿ.

ಇಂಟರ್ನ್‌ಶಿಪ್‌ನಲ್ಲಿ ಮೂರು ಕಟ್ಟುನಿಟ್ಟು. ಹೇಳಿದ್ದು ಕೋಣೆ ದಾಟಬಾರದು. ಮೆಸ್ಸಿನಲ್ಲಿ 'ಹೆಸರು ಹೇಳಲ್ಲ, ಆದ್ರೆ ಒಂದು ಕೇಸ್ ಬಂದಿತ್ತು' ಅಂತ ಶುರುಮಾಡಿದರೂ ತಪ್ಪೇ, ಸಣ್ಣ ಊರಿನಲ್ಲಿ ಹೆಸರು ಬೇಕಾಗಿಲ್ಲ. ಆದರೆ ಗುಟ್ಟಿಗೂ ಮಿತಿ ಇದೆ ಅಂತ ಮೊದಲ ದಿನವೇ ಅವರಿಗೆ ತಿಳಿಸಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳ ತನಕ ಜೈಲು ಆಗಬಹುದು. ಮೂರನೆಯದು, ಸಾಯುವ ಮಾತು. ಸುಳಿವು ಸಿಕ್ಕರೆ ನೇರವಾಗಿ ಕೇಳಿ, 'ಸಾಯಬೇಕು ಅನ್ನಿಸಿದೆಯಾ?' ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಅನ್ನುವುದು ಸುಳ್ಳು. ಕೇಳಿದ ಮೇಲೆ ಅದನ್ನು ಒಬ್ಬರೇ ಹೊತ್ತುಕೊಂಡು ಮನೆಗೆ ಹೋಗಬೇಡಿ, ಆ ಕ್ಷಣವೇ ಸೂಪರ್‌ವೈಸರ್‌ಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬಾಯಲ್ಲಿರಲಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಕೇಸುಗಳ ಭಾರಕ್ಕೆ ನಿಮಗೇ ನಿದ್ದೆ ಹಾರಿಹೋದರೂ ಅದೇ ನಂಬರ್.

ಹೆಜ್ಜೆ 7: ಕೆಲಸ ಹುಡುಕುವಾಗ

ಬೆಂಗಳೂರಿನ ಕಂಪನಿಗಳೇ ಕಣ್ಣಿಗೆ ಬೀಳುತ್ತವೆ. ಬೇರೆ ಕಡೆಯೂ ನೋಡಿ: ಶಾಲೆ-ಕಾಲೇಜು, ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರ, ಹದಿಹರೆಯದವರ ಕ್ಲಿನಿಕ್, ದೌರ್ಜನ್ಯಕ್ಕೊಳಗಾದ ಹೆಂಗಸರಿಗಿರುವ ಸಖಿ ಕೇಂದ್ರ, ಕುಡಿತ ಬಿಡಿಸುವ ಕೇಂದ್ರ. ಕ್ಲಿನಿಕಲ್ ಅರ್ಹತೆ ಇದ್ದವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದೇ 1996ರಿಂದ ದೇಶಕ್ಕೆಲ್ಲ ಮಾದರಿಯಾಯಿತು. ಇವುಗಳಲ್ಲಿ ಎಷ್ಟೋ ಗುತ್ತಿಗೆ ಕೆಲಸ, ಸಂಬಳ ಕಮ್ಮಿ. ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಕನ್ನಡದಲ್ಲಿ ಕೂತು ಕೇಳುವವರು ಬೇಕಾಗಿರುವುದು ಅಲ್ಲೇ, ಕಲಿಯುವುದೂ ಅಲ್ಲೇ ಜಾಸ್ತಿ.

ಒಂದು ಫೈಲ್ ಮಾಡಿ. ಪ್ರತಿ ಇಂಟರ್ನ್‌ಶಿಪ್ ಮುಗಿದ ದಿನವೇ ಸರ್ಟಿಫಿಕೇಟ್ ಇಸ್ಕೊಳ್ಳಿ. ಬರೀ 'ಯಶಸ್ವಿಯಾಗಿ ಮುಗಿಸಿದ್ದಾರೆ' ಅಂತಿದ್ದರೆ ಬೇಡ. ಎಷ್ಟು ಗಂಟೆ, ಯಾವ ದಿನದಿಂದ ಯಾವ ದಿನದವರೆಗೆ, ಏನು ಕೆಲಸ, ಸೂಪರ್‌ವೈಸರ್ ಸಹಿ, ಅವರ ಓದು, ಸೀಲು, ಇಷ್ಟೂ ಇರಲಿ. ನಾನು ಆಮೇಲೆ ಇಸ್ಕೊಂಡ್ರಾಯ್ತು ಅಂತ ಬಿಟ್ಟಿದ್ದೆ. ನಾಲ್ಕು ವರ್ಷದ ನಂತರ ಅರ್ಜಿಯೊಂದಕ್ಕೆ ಅದು ಬೇಕಾಯಿತು. ರಾತ್ರಿ ಬಸ್ ಹತ್ತಿ ಹೋದರೆ ಆ ಸೂಪರ್‌ವೈಸರ್ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು, ಹೊಸಬರಿಗೆ ನಾನು ಯಾರು ಅಂತಲೇ ಗೊತ್ತಿರಲಿಲ್ಲ.